ಬಿಲ್ ಕೌಂಟರ್‌ನಲ್ಲಿ ಹೇಳಿದ ನಂಬರ್ ಒಪ್ಪಿಗೆಯಲ್ಲ

ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಸೂಪರ್ ಮಾರ್ಕೆಟ್, ಔಷಧ ಅಂಗಡಿ– ಎಲ್ಲಿಗೆ ಹೋದರೂ ಬಿಲ್ ಹಾಕುವ ಮುನ್ನ ಕೇಳುವ ಮಾತು ಒಂದೇ: ‘ಮೊಬೈಲ್ ನಂಬರ್ ಹೇಳಿ ಮೇಡಂ’. ಹಿಂದೆ ಸಾಲು ಬೆಳೆಯುತ್ತಿರುತ್ತದೆ. ‘ಯಾಕೆ’ ಎಂದು ಕೇಳಲು ಸಂಕೋಚ. ಹತ್ತು ಅಂಕಿ ಹೇಳಿ ಹೊರಟುಬಿಡುತ್ತೇವೆ. ಆಮೇಲೆ ಯುಗಾದಿ ಆಫರ್, ಆಷಾಢದ ರಿಯಾಯಿತಿ, ವರಮಹಾಲಕ್ಷ್ಮಿ ಹಬ್ಬದ ವಿಶೇಷ ಕೊಡುಗೆ ಎಂದು ಸಂದೇಶಗಳು ಶುರುವಾಗುತ್ತವೆ. ಆಕ್ಷೇಪಿಸಿದರೆ, ‘ನೀವೇ ಒಪ್ಪಿ ನಂಬರ್ ಕೊಟ್ಟಿದ್ದೀರಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

‘ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ಹಾಕಿಸಿದ್ದೇನೆ, ನನಗೆ ಈ ಕಾಟವಿಲ್ಲ’ ಎಂದು ನಂಬಿರುವವರು ಒಂದು ಸಂಗತಿಯನ್ನು ಗಮನಿಸಬೇಕು. 1909ಕ್ಕೆ ಸಂದೇಶ ಕಳುಹಿಸಿ ಎಲ್ಲ ಪ್ರಚಾರ ಸಂದೇಶಗಳನ್ನು ತಡೆದಿದ್ದರೂ, ನಿರ್ದಿಷ್ಟ ಕಂಪನಿಯೊಂದಕ್ಕೆ ಗ್ರಾಹಕ ಸ್ಪಷ್ಟ ಒಪ್ಪಿಗೆ ಕೊಟ್ಟಿದ್ದರೆ ಆ ಕಂಪನಿಯ ಸಂದೇಶ ಬರುತ್ತದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಲ್ಲಿ ಒಪ್ಪಿಗೆಗೆ ಡಿಎನ್‌ಡಿಗಿಂತ ಹೆಚ್ಚು ಬಲವಿದೆ. ತಾತ್ವಿಕವಾಗಿ ಇದು ಸರಿ; ಬೇಕೆಂದು ಕೇಳಿದವರಿಗೆ ಕಳುಹಿಸುವುದರಲ್ಲಿ ತಪ್ಪಿಲ್ಲ. ಆದರೆ ಇದೇ ಕಾರಣಕ್ಕೆ, ಇಲ್ಲದ ಒಪ್ಪಿಗೆಯನ್ನು ಇದೆಯೆಂದು ಬರೆದುಕೊಳ್ಳುವ ಆಮಿಷವೂ ಹುಟ್ಟುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಈ ಕೌಂಟರ್‌ನ ಪ್ರಸಂಗವನ್ನೇ ಉದಾಹರಣೆಯಾಗಿ ಎತ್ತಿಕೊಂಡಿದೆ. ಒಬ್ಬಾಕೆ ಔಷಧ ಅಂಗಡಿಯಲ್ಲಿ ಖರೀದಿ ಮಾಡುತ್ತಾಳೆ. ಹಣ ಸಂದಾಯವಾದುದಕ್ಕೆ ರಸೀದಿಯನ್ನು ಮೊಬೈಲ್‌ಗೆ ಕಳುಹಿಸಿ ಎಂದು ತಾನಾಗಿಯೇ ನಂಬರ್ ಕೊಡುತ್ತಾಳೆ. ಅಂಗಡಿಯವರು ರಸೀದಿ ಕಳುಹಿಸಲು ಆ ನಂಬರ್ ಬಳಸಬಹುದು ಎನ್ನುತ್ತದೆ ಕಾಯ್ದೆಯ ಏಳನೇ ಕಲಂ. ರಸೀದಿ ಕಳುಹಿಸಲು ಮಾತ್ರ. ಮಧುಮೇಹದ ಮಾತ್ರೆ ಕೊಂಡವಳಿಗೆ ಮರುದಿನ ಗ್ಲುಕೋಮೀಟರ್ ಜಾಹೀರಾತು ಕಳುಹಿಸಬೇಕಾದರೆ ಬೇರೆಯದೇ ಒಪ್ಪಿಗೆ ಬೇಕು. ಅದು ಒತ್ತಡವಿಲ್ಲದ್ದು, ನಿರ್ದಿಷ್ಟವಾದದ್ದು, ತಿಳಿದು ಕೊಟ್ಟದ್ದು, ಷರತ್ತಿಲ್ಲದ್ದು ಆಗಿರಬೇಕು. ನಂಬರ್ ಕೊಡದಿದ್ದರೆ ಬಿಲ್ ಇಲ್ಲ ಎನ್ನುವ ಅಂಗಡಿಗಳಿಗೆ ಹಾಗೆ ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಸೂಚಿಸಿತ್ತು. ಅಭ್ಯಾಸ ಬದಲಾಗಲಿಲ್ಲ.

ಟ್ರಾಯ್ ಸುಮ್ಮನೆ ಕುಳಿತಿತ್ತು ಎನ್ನಲಾಗದು. 2018ರ ನಿಯಮಾವಳಿಯಿಂದ ಹಿಡಿದು ಅದು ಕಟ್ಟಿದ ವ್ಯವಸ್ಥೆ ದೊಡ್ಡದು. ಸಂದೇಶ ಕಳುಹಿಸುವ ಪ್ರತಿ ಸಂಸ್ಥೆ ತನ್ನ ಹೆಸರು, ಹೆಡರ್ (ಕಳುಹಿಸಿದವರ ಹೆಸರಾಗಿ ಕಾಣುವ ಸಂಕೇತ), ಸಂದೇಶದ ಟೆಂಪ್ಲೇಟ್ (ಸಿದ್ಧ ಮಾದರಿ) ಎಲ್ಲವನ್ನೂ ಬ್ಲಾಕ್‌ಚೈನ್ ಆಧಾರಿತ ವೇದಿಕೆಯಲ್ಲಿ ನೋಂದಾಯಿಸಬೇಕು. 2021ರ ಮಾರ್ಚ್‌ನಲ್ಲಿ ಸಂದೇಶಗಳನ್ನು ಈ ನೋಂದಣಿಯೊಂದಿಗೆ ತಾಳೆ ನೋಡುವ ತಪಾಸಣೆ ಜಾರಿಯಾದಾಗ ಒಟಿಪಿಗಳೇ ಬಾರದೆ ದೇಶದಾದ್ಯಂತ ಗೊಂದಲವಾಗಿ, ಒಂದು ವಾರ ತಡೆಹಿಡಿಯಬೇಕಾಯಿತು. 2025ರ ಮೇ ತಿಂಗಳಿಂದ ಹೆಡರ್‌ನ ಕೊನೆಯಲ್ಲಿ ಒಂದು ಅಕ್ಷರ ಕಾಣುತ್ತಿದೆ: ಪ್ರಚಾರಕ್ಕೆ ‘ಪಿ’, ಸೇವೆಗೆ ‘ಎಸ್’, ವಹಿವಾಟಿಗೆ ‘ಟಿ’, ಸರ್ಕಾರದ್ದಾದರೆ ‘ಜಿ’. ನಿಮ್ಮ ಫೋನಿನ ಇನ್‌ಬಾಕ್ಸ್ ತೆರೆದರೆ ಈಗಲೇ ನೋಡಬಹುದು.

ಇಷ್ಟಾದರೂ ಈ ವ್ಯವಸ್ಥೆ ಹಿಡಿದದ್ದು ಸಂದೇಶವನ್ನು, ಅದು ಯಾರಿಂದ ಹೊರಟಿತು ಎಂಬುದನ್ನು. ಒಪ್ಪಿಗೆ ಹುಟ್ಟುವ ಗಳಿಗೆ ಅದರ ಹಿಡಿತಕ್ಕೆ ಸಿಕ್ಕಿರಲಿಲ್ಲ. ಕಾಗದದ ಫಾರ್ಮ್‌ನ ಕೆಳಗಿನ ಸಣ್ಣ ಅಕ್ಷರ, ಲಕ್ಕಿ ಡ್ರಾ ಚೀಟಿ, ಮೊದಲೇ ಟಿಕ್ ಹಾಕಿಟ್ಟ ಚೌಕ– ಇವೆಲ್ಲ ಒಪ್ಪಿಗೆಯ ದಾಖಲೆಗಳಾಗಿ ಕಂಪನಿಗಳ ಬಳಿಯೇ ಉಳಿದವು. ಪರಿಶೀಲಿಸುವವರಿಲ್ಲ. ಇದಕ್ಕಾಗಿಯೇ 2023ರ ಜೂನ್ 2ರಂದು ಟ್ರಾಯ್ ಡಿಜಿಟಲ್ ಒಪ್ಪಿಗೆ ವ್ಯವಸ್ಥೆಗೆ ನಿರ್ದೇಶನ ಕೊಟ್ಟಿತು. ಅದರಂತೆ 127ರಿಂದ ಆರಂಭವಾಗುವ ಕಿರುಸಂಖ್ಯೆಯಿಂದ ಗ್ರಾಹಕನಿಗೆ ಕೋರಿಕೆ ಬರಬೇಕು. ಯಾರು, ಯಾತಕ್ಕೆ ಕೇಳುತ್ತಿದ್ದಾರೆ ಎಂದು ತಿಳಿಸಬೇಕು. ‘ಆಗಲಿ’ ಎಂಬ ಉತ್ತರ ಟೆಲಿಕಾಂ ಕಂಪನಿಯ ದಾಖಲೆಗೆ ಸೇರಬೇಕು. ಅಂಗಡಿಯವನ ಮಾತಿನ ಬದಲು ಗ್ರಾಹಕನ ಮಾತೇ ದಾಖಲೆಯಾಗುವ ಈ ವಿಧಾನ ಸರಿಯಾದದ್ದು. ಆದರೆ ರಿಸರ್ವ್ ಬ್ಯಾಂಕ್ ಜೊತೆಗೂಡಿ ಕೆಲವು ಬ್ಯಾಂಕುಗಳಲ್ಲಿ ಇದರ ಪ್ರಯೋಗ ಆರಂಭಿಸಲು 2025ರ ಜೂನ್ ಬರಬೇಕಾಯಿತು.

ಈ ಕೋರಿಕೆ ಯಾವ ಭಾಷೆಯಲ್ಲಿ ಬರುತ್ತದೆ ಎಂಬುದು ಕನ್ನಡಿಗರ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಇಂಗ್ಲಿಷ್‌ನಲ್ಲಾದರೆ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿಯುತ್ತದೆ. ಯೂನಿಕೋಡ್ ಕನ್ನಡದಲ್ಲಿ 70. ಅದರಲ್ಲೂ ಒತ್ತಕ್ಷರ, ಸ್ವರಚಿಹ್ನೆಗಳು ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ಒಪ್ಪಿಗೆ’ ಎಂದು ಬರೆಯಲು ಏಳು ಖರ್ಚಾಗುತ್ತದೆ. ಅಂದರೆ ಇಂಗ್ಲಿಷ್‌ನಲ್ಲಿ ಒಂದೇ ಸಂದೇಶಕ್ಕೆ ಮುಗಿಯುವ ವಿಷಯಕ್ಕೆ ಕನ್ನಡದಲ್ಲಿ ಎರಡು ಮೂರು ಸಂದೇಶಗಳ ಹಣ ತೆರಬೇಕು. ಲಕ್ಷಗಟ್ಟಲೆ ಕಳುಹಿಸುವ ಕಂಪನಿ ಯಾವುದನ್ನು ಆರಿಸುತ್ತದೆ ಎಂದು ಹೇಳಬೇಕಿಲ್ಲ. ಓದಲು ಬಾರದ ಭಾಷೆಯಲ್ಲಿ ಬಂದ ಕೋರಿಕೆಗೆ ಹೇಳಿದ ‘ಆಗಲಿ’ ತಿಳಿದು ಕೊಟ್ಟ ಒಪ್ಪಿಗೆ ಆಗಲಾರದು. ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಸೂಚನೆ ಪಡೆಯುವ ಆಯ್ಕೆಯನ್ನು ದತ್ತಾಂಶ ಕಾಯ್ದೆ ಜನರಿಗೆ ಕೊಟ್ಟಿದೆ. ಒಪ್ಪಿಗೆ ಕೇಳುವ ಸಂದೇಶಕ್ಕಾದರೂ ಭಾರತೀಯ ಭಾಷೆಗಳಲ್ಲಿ ಒಂದೇ ಸಂದೇಶದ ದರ ವಿಧಿಸುವಂತೆ ಟ್ರಾಯ್ ಟೆಲಿಕಾಂ ಕಂಪನಿಗಳಿಗೆ ಹೇಳಬೇಕು.

ಇನ್ನು ಕಂಪನಿಗಳ ಬಳಿಯಿರುವ ಹಳೆಯ ನಂಬರ್ ಪಟ್ಟಿಗಳು. ಇಲ್ಲಿ ಎರಡು ನಿಯಮಗಳು ಎರಡು ದಿಕ್ಕಿಗೆ ಎಳೆಯುತ್ತವೆ. ಹೊಸ ವ್ಯವಸ್ಥೆ ಬಂದ ಮೇಲೆ ಬೇರೆ ವಿಧಾನದಲ್ಲಿ ಪಡೆದ ಹಳೆಯ ಒಪ್ಪಿಗೆಗಳೆಲ್ಲ ಅಸಿಂಧು ಎಂದಿತು ಟ್ರಾಯ್. ದತ್ತಾಂಶ ಕಾಯ್ದೆಯಾದರೋ, ಜಾರಿಗೆ ಮೊದಲೇ ಒಪ್ಪಿಗೆ ಪಡೆದಿದ್ದರೆ ಜನರಿಗೊಂದು ಸೂಚನೆ ಕೊಟ್ಟು, ಅವರು ಹಿಂತೆಗೆದುಕೊಳ್ಳುವವರೆಗೆ ದತ್ತಾಂಶ ಬಳಸುತ್ತಿರಬಹುದು ಎನ್ನುತ್ತದೆ. ವರ್ಷಾನುಗಟ್ಟಲೆ ಹೇಗೆ ಹೇಗೋ ಸೇರಿಸಿದ ನಂಬರ್‌ಗಳ ವಿಷಯದಲ್ಲಿ ಟ್ರಾಯ್ ನಿಲುವೇ ನ್ಯಾಯವಾದದ್ದು.

ಸಣ್ಣ ವ್ಯಾಪಾರಿಗಳ ಅಳಲನ್ನೂ ಕೇಳಬೇಕು. ಹತ್ತು ಸಾವಿರ ಗಿರಾಕಿಗಳಿರುವ ಸೀರೆ ಅಂಗಡಿಗೆ ಹೆಡರ್, ಟೆಂಪ್ಲೇಟ್, ಒಪ್ಪಿಗೆಯ ನೋಂದಣಿ ಎಲ್ಲವೂ ಹೊರೆಯೇ. ಅವರು ಸುಲಭದ ದಾರಿ ಹಿಡಿದು ವಾಟ್ಸ್‌ಆ್ಯಪ್‌ಗೆ ಹೋಗುತ್ತಿದ್ದಾರೆ. ಟ್ರಾಯ್‌ನ ಈ ನಿಯಮಾವಳಿ ಅಲ್ಲಿಗೆ ಚಾಚಿಲ್ಲ. ಎಸ್ಸೆಮ್ಮೆಸ್ ಬಾಗಿಲಿಗೆ ಬೀಗ ಹಾಕಿ ವಾಟ್ಸ್‌ಆ್ಯಪ್ ಬಾಗಿಲು ತೆರೆದಿಟ್ಟರೆ, ನಿಯಮ ಪಾಲಿಸಿದವರಿಗಷ್ಟೇ ಶಿಕ್ಷೆಯಾಗುತ್ತದೆ.

ದಂಡದ ವಿಚಾರದಲ್ಲೂ ಕೊರತೆಯಿದೆ. ಅಮೆರಿಕದಲ್ಲಿ 1991ರ ಕಾಯ್ದೆಯೊಂದರ ಪ್ರಕಾರ ಕಾನೂನುಬಾಹಿರ ಸಂದೇಶವೊಂದಕ್ಕೆ 500 ಡಾಲರ್, ಬೇಕೆಂದೇ ಕಳುಹಿಸಿದ್ದರೆ 1,500 ಡಾಲರ್‌ವರೆಗೆ ಪಡೆಯಲು ಗ್ರಾಹಕನೇ ದಾವೆ ಹೂಡಬಹುದು. ನಮ್ಮ ದತ್ತಾಂಶ ಕಾಯ್ದೆಯಡಿ ವಸೂಲಾಗುವ ದಂಡ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಕಿರಿಕಿರಿ ಅನುಭವಿಸಿದವರಿಗೆ ಪರಿಹಾರವಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕಿಗೆ ಧಕ್ಕೆಯಾದವನಿಗೆ ಪರಿಹಾರ ಕೇಳುವ ಅವಕಾಶವನ್ನು ಸಂಸತ್ತು ಕಾಯ್ದೆಗೆ ಸೇರಿಸಬೇಕು.

ಅಲ್ಲಿಯವರೆಗೆ ಓದುಗರು ಇರುವುದನ್ನಾದರೂ ಬಳಸಿಕೊಳ್ಳಬೇಕು. ಒಪ್ಪಿಗೆ ಪಡೆದಿದ್ದೇವೆ ಎಂದು ಸಾಬೀತುಪಡಿಸುವ ಹೊಣೆ ಕಾಯ್ದೆಯ ಪ್ರಕಾರ ಕಂಪನಿಯದ್ದು, ನಿಮ್ಮದಲ್ಲ. ಟ್ರಾಯ್ ನಿಯಮದಂತೆ ಪ್ರಚಾರ ಸಂದೇಶದಲ್ಲಿ ಬೇಡವೆನ್ನುವ ದಾರಿ ಇರಲೇಬೇಕು. ಒಮ್ಮೆ ಬೇಡವೆಂದರೆ 90 ದಿನ ಮತ್ತೆ ಒಪ್ಪಿಗೆ ಕೇಳುವಂತಿಲ್ಲ. ಕೊಡದ ಒಪ್ಪಿಗೆಯ ಹೆಸರಿನಲ್ಲಿ ಸಂದೇಶ ಬಂದರೆ ಅಳಿಸಬೇಡಿ. ಏಳು ದಿನಗಳೊಳಗೆ 1909ಕ್ಕೆ ಅಥವಾ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ದೂರು ಕೊಡಿ.