ಅತ್ತರಿಗೆ ಮನೆತನವುಂಟೇ?

ಮಿತ್ರನೊಬ್ಬನು ಗಂಧದೆಣ್ಣೆಯ ಅತ್ತರನ್ನು ತನ್ನ ಮಣಿಕಟ್ಟಿಗೂ ನನ್ನದಕ್ಕೂ ಹಚ್ಚಿದನು. ಅವನಲ್ಲಿ ಅದು ಸಂಜೆಯವರೆಗೂ ನಿಂತಿತು. ನನ್ನಲ್ಲಿ ಮಧ್ಯಾಹ್ನಕ್ಕೇ ಮಾಯವಾಯಿತು. “ಅತ್ತರಿಗೂ ಮನೆತನ ಬೇಕಪ್ಪಾ” ಎಂದು ನಕ್ಕನು. ನಾನೂ ನಕ್ಕೆನು, ಆದರೆ ಒಪ್ಪಲಾರೆ. ಗಂಧದೆಣ್ಣೆಯ ಸ್ಯಾಂಟಲಾಲ್ ನಿಧಾನವಾಗಿ ಆವಿಯಾಗುವಂಥದು. ಜಿಡ್ಡಿನ ಚರ್ಮ ಅದನ್ನು ಹಿಡಿದಿಡುತ್ತದೆ, ಒಣಚರ್ಮ ಬೇಗ ಬಿಟ್ಟುಕೊಡುತ್ತದೆ. ಮೈಬಿಸಿಯೂ ಬೆವರೂ ಸೇರಿ ಪರಿಮಳವನ್ನು ಬದಲಿಸುವುದುಂಟು. ಮನೆತನ ಕೆಲಸ ಮಾಡುವುದು ಮೂಸುವವರ ಮೂಗಿನಲ್ಲಿ.

ನಮ್ಮವ್ವ ಮೈಸೂರಿನಲ್ಲಿ ಊದುಬತ್ತಿ ಹೊಸೆಯುವವಳು. ಹಾಲುಮಡ್ಡಿಯೆಂಬ ಮರದಂಟಿನ ವಾಸನೆ ಸ್ನಾನವಾದರೂ ಅವಳ ಬೆರಳು ಬಿಡದು. ಬಸ್ಸಿನಲ್ಲಿ ಪಕ್ಕದವರು ಸರಿದು ಕೂರುತ್ತಾರೆ. ಅದೇ ಘಮ ಅರ್ಚಕರ ಪಂಚೆಯಿಂದ ಬಂದರೆ ಕೈಮುಗಿಯುತ್ತಾರೆ. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಹೊಸೆದ ಕೈಗೆ ಬರಲಿಲ್ಲ.

ಮೊನ್ನೆ ಆ ಮಿತ್ರನು ಮನೆಗೆ ಬಂದು, ಅವ್ವನ ಕೈಯಿಂದ ಕಾಫಿ ತೆಗೆದುಕೊಂಡು, “ಯಾವ ಅತ್ತರಮ್ಮಾ ಇದು?” ಎಂದನು.