ಅಂಚಿನಿಂದ ನಡುವಿಗೆ ಸಾಗುವ ಹೊಲಿಗೆ

ವೈಟ್‌ಫೀಲ್ಡ್‌ನ ಗಾಜಿನ ಸೌಧಗಳಿಂದಲೂ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಂದಲೂ ಶುಕ್ರವಾರ ರಾತ್ರಿ ಹೊರಡುವ ಬಸ್ಸುಗಳಲ್ಲಿ, ವಾರಾಂತ್ಯದ ಎರಡು ದಿನಗಳನ್ನು ಯಾವುದಾದರೊಂದು ಹಳ್ಳಿಯ ಸೇವೆಗೆ ಮೀಸಲಿಡಬೇಕೆಂಬ ಸದಿಚ್ಛೆಯುಳ್ಳ ತರುಣ ತರುಣಿಯರು ಈಗೀಗ ಕಾಣಬರುತ್ತಿದ್ದಾರೆ. ನಿಗದಿತ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾಗಿ ವ್ಯಯಿಸಬೇಕೆಂಬ ವಿಧಿಯು 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಇಂಥ ಸದಿಚ್ಛೆಗೆ ಧನಬಲವೂ ಒದಗಿದೆ. ಅಂಥದೊಂದು ತಂಡದೊಡನೆ ನಾನು ಉತ್ತರ ಕನ್ನಡದ ಯಲ್ಲಾಪುರ ಸೀಮೆಯಲ್ಲಿರುವ, ಆಫ್ರಿಕ ಮೂಲದ ಸಿದ್ದಿಗಳ ಕೇರಿಗೆ ಹೋಗಿದ್ದೆನು.

ಬಸ್ಸಿನಿಂದ ಇಳಿದೊಡನೆ ನಮ್ಮ ಕಣ್ಣುಗಳು ಅಲ್ಲಿ ಅರಸಿದುದು ಆಫ್ರಿಕವನ್ನು. ಗುಂಗುರು ಕೂದಲು, ಕಪ್ಪು ಮೈಬಣ್ಣ, ಡಮಾಮಿ ವಾದ್ಯದ ನಾದ, ಇವಿಷ್ಟನ್ನೇ ನಾವು ಅವರ ಕುರಿತು ಕೇಳಿ ಬಂದಿದ್ದೆವು. ಜಗಲಿಯಲ್ಲಿ ಕೌದಿ ಹೊಲಿಯುತ್ತಿದ್ದ ಅಜ್ಜಿಯೊಬ್ಬಳು ನಮ್ಮನ್ನು ಕನ್ನಡದಲ್ಲಿಯೇ ಮಾತನಾಡಿಸಿದಾಗ ನಮ್ಮವರು ಬೆರಗಾದರು. ಆ ಬೆರಗಿನಲ್ಲಿ ನಮ್ಮ ಅಜ್ಞಾನವೆಷ್ಟೆಂಬುದು ಬಯಲಾಯಿತು. ಕ್ಯಾಮೆರಾ ಎತ್ತಿದವನೊಬ್ಬನನ್ನು ತಡೆದು ಆಕೆ, "ಹೋದ ವರ್ಷ ಬಂದೋರೂ ಪಟ ತೆಗೆದ್ರು ತಮ್ಮಾ, ಕಳಿಸ್ತೇವೆ ಅಂದ್ರು. ಒಂದೂ ಬರ್ಲಿಲ್ಲ" ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ಅದು ನನ್ನನ್ನು ಇನ್ನೂ ಬಿಟ್ಟಿಲ್ಲ.

ನಾವು ನೋಡಲು ಹೋದ ಜನ ನಿನ್ನೆ ಮೊನ್ನೆ ಬಂದ ಪರಕೀಯರಲ್ಲ. ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ಕರೆತಂದವರಲ್ಲಿ ಅನೇಕರು, ಒಡೆಯರ ಹಿಂಸೆಯನ್ನು ತಾಳಲಾರದೆ ಸಹ್ಯಾದ್ರಿಯ ದಟ್ಟಡವಿಯನ್ನು ಹೊಕ್ಕು ಸ್ವಾತಂತ್ರ್ಯವನ್ನು ತಾವೇ ಗಳಿಸಿಕೊಂಡರು. ಅವರ ಸಂತತಿಯವರು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಹಿಂದೂಗಳಾಗಿ, ಮುಸಲ್ಮಾನರಾಗಿ, ಕ್ರೈಸ್ತರಾಗಿ, ಕೊಂಕಣಿ ಬೆರೆತ ಮನೆಮಾತನ್ನೂ ಕನ್ನಡವನ್ನೂ ಆಡುತ್ತ ಬಾಳುತ್ತಿದ್ದಾರೆ. ಶತಮಾನಗಳ ಈ ಸಹಜೀವನವು ಮೊದಲ ನೋಟಕ್ಕೆ ಕಾಣದು. ಮೊದಲ ನೋಟವು ಮೈಯನ್ನಷ್ಟೇ ಕಾಣುತ್ತದೆ.

ಮೈಯನ್ನಷ್ಟೇ ಕಂಡು ರೂಪಿಸಿದ ಯೋಜನೆಯ ಗತಿಯೇನೆಂಬುದಕ್ಕೆ ನಿದರ್ಶನವಿದೆ. ಆಫ್ರಿಕ ಮೂಲದವರು ಹುಟ್ಟು ಓಟಗಾರರೆಂಬ ಭಾವನೆಯಿಂದ, ಭಾರತೀಯ ಕ್ರೀಡಾ ಪ್ರಾಧಿಕಾರವು 1987ರಲ್ಲಿ ವಿಶೇಷ ಕ್ರೀಡಾ ಯೋಜನೆಯೊಂದರಡಿ ಸಿದ್ದಿ ಬಾಲಕ ಬಾಲಕಿಯರನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕೆಲವರು ಪದಕಗಳನ್ನು ಗೆದ್ದರು, ಕೆಲವರಿಗೆ ಉದ್ಯೋಗವೂ ದೊರೆಯಿತು. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋದುದರಿಂದ, ಓಟವನ್ನೇ ನಂಬಿ ಮನೆ ಬಿಟ್ಟ ಮಕ್ಕಳು ನಡುದಾರಿಯಲ್ಲಿ ಉಳಿದರು. ಅದೇ ದಶಕದಲ್ಲಿ ನೀನಾಸಂ ರಂಗಬಳಗದ ಚಿದಂಬರರಾವ್ ಜಂಬೆಯವರು ಸಿದ್ದಿಗಳ ನಡುವೆ ನೆಲಸಿ, ಅವರನ್ನೇ ನಟರನ್ನಾಗಿಸಿ, ಚಿನುವಾ ಅಚೆಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯನ್ನು ಕನ್ನಡ ರಂಗಕ್ಕೆ ತಂದರು. ಅಲ್ಲಿ ಸಿದ್ದಿಗಳು ಪ್ರದರ್ಶಿತ ವಸ್ತುಗಳಾಗದೆ ಕಥೆಯನ್ನು ಹೇಳುವವರಾದರು. ಮೊದಲಿನದು ಜನರಿಂದ ಏನನ್ನು ಪಡೆಯಬಹುದೆಂದು ಎಣಿಸಿತು. ಎರಡನೆಯದು ಅವರು ಏನನ್ನು ನುಡಿಯಬಲ್ಲರೆಂದು ಕಾದಿತು.

ಸ್ವಯಂಸೇವಕರು ಹಿಡಿಯಬೇಕಾದುದು ಈ ಎರಡನೆಯ ದಾರಿಯನ್ನು. ನೆಲದ ಹಕ್ಕಿನ ವಿಷಯವನ್ನೇ ನೋಡಿ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತುದು 2003ರಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುನ್ನ ಅರಣ್ಯಭೂಮಿ ತಮ್ಮ ಸ್ವಾಧೀನದಲ್ಲಿತ್ತೆಂದು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳಾದರೋ ಮೂರು ತಲೆಮಾರಿನ, ಎಂದರೆ 75 ವರ್ಷಗಳ, ವಾಸವನ್ನು ಸಾಧಿಸಬೇಕು. ಇಷ್ಟು ಸುಲಭಗೊಂಡ ಹಕ್ಕು ಕೂಡ ಅರ್ಜಿ, ನಕ್ಷೆ, ಸಾಕ್ಷ್ಯಗಳ ಮೂಲಕವೇ ಕೈಸೇರಬೇಕು. ಉಪಗ್ರಹ ಚಿತ್ರವನ್ನು ಓದಬಲ್ಲ, ಗಡಿಯನ್ನು ಅಳೆದು ನಕ್ಷೆ ಬರೆಯಬಲ್ಲ, ಕಡತದ ಬೆನ್ನು ಹತ್ತಬಲ್ಲ ವಿದ್ಯಾವಂತರು ನಮ್ಮ ತಂತ್ರಜ್ಞಾನ ವಲಯದಲ್ಲಿ ಸಾವಿರಾರು ಮಂದಿ ಇರುವಾಗ, ಅವರ ಕೈಗೆ ಬಣ್ಣದ ಕುಂಚವನ್ನು ಕೊಟ್ಟು ಶಾಲೆಯ ಗೋಡೆಯನ್ನು ಬಳಿಯಲು ಕಳುಹಿಸುವುದು ಆ ವಿದ್ಯೆಗೂ ಆ ಹಳ್ಳಿಗೂ ಎಸಗುವ ಅನ್ಯಾಯ.

ಆದುದರಿಂದ ಕಂಪನಿಗಳು ಹಳ್ಳಿಯೊಂದನ್ನು ಆರಿಸಿದರೆ ಐದು ವರ್ಷವಾದರೂ ಅದನ್ನು ಬಿಡಬಾರದು. ಮೊದಲ ಭೇಟಿಯು ಉಡುಗೊರೆಯಿಲ್ಲದೆ, ಕ್ಯಾಮೆರಾ ಇಲ್ಲದೆ, ಕೇವಲ ಆಲಿಸುವುದಕ್ಕಾಗಿ ನಡೆಯಬೇಕು. ಕೆಲಸ ಯಾವುದೆಂಬುದನ್ನು ಗ್ರಾಮಸಭೆಯೇ ನಿಶ್ಚಯಿಸಬೇಕು.

ಆ ಅಜ್ಜಿಯ ಹೊಲಿಗೆಯನ್ನು ನಾನು ಬಹಳ ಹೊತ್ತು ನೋಡಿದೆನು. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ತೊಡಗಿ ಸಾಲುಸಾಲಾಗಿ ನಡುವಿನತ್ತ ಹೊಲಿಯುತ್ತಾರೆ. ಮೂಲೆಗಳಿಗೆ ಮಡಿಚಿದ ಬಟ್ಟೆಯ ಹೂವುಗಳನ್ನಿಡದೆ ಕೌದಿ ಮುಗಿಯಿತೆನ್ನುವುದಿಲ್ಲ. ತಿಂಗಳುಗಳ ತರುವಾಯ, ಆ ಸಲ ನಾವು ತೆಗೆದಿದ್ದ ಪಟಗಳನ್ನು ಅಚ್ಚು ಹಾಕಿಸಿಕೊಂಡು ಮತ್ತೆ ಹೋದಾಗ ಆಕೆ ಒಂದೊಂದರಲ್ಲಿಯೂ ಇದ್ದವರನ್ನು ಹೆಸರು ಹಿಡಿದು ಪರಿಚಯಿಸಿದಳು. ಮೊದಲ ಸಲ ನಾವು ಅವರಲ್ಲಿ ಒಬ್ಬರ ಹೆಸರನ್ನೂ ಕೇಳಿರಲಿಲ್ಲ.