ನಗೆಯ ಚಾಟಿಯೇ ಬೇಕು

ನಮ್ಮ ಶಾಲೆಗಳಲ್ಲಿ ದುಶ್ಚಟ ನಿವಾರಣೆಯ ಭಾಷಣಗಳು ಹೇಗೆ ನಡೆಯುತ್ತವೆಂಬುದನ್ನು ವಾಚಕರು ಬಲ್ಲರು. ಮುಖ್ಯ ಅತಿಥಿಗಳು ಎರಡು ತಾಸು ಗುಡುಗುತ್ತಾರೆ. ಮಕ್ಕಳು ಎರಡು ತಾಸು ಆಕಳಿಸುತ್ತಾರೆ. ಸಭೆ ಮುಗಿದೊಡನೆ ಹಿಂದಿನ ಸಾಲಿನ ನಾಲ್ವರು ನೆಟ್ಟಗೆ ಪಾನಪಟ್ಟಿಯ ಅಂಗಡಿಗೆ ನಡೆಯುತ್ತಾರೆ. ಈ ವ್ಯರ್ಥ ಪೂಜೆ ಇನ್ನೆಷ್ಟು ದಿನ?

ಕಾಯ್ದೆಗಳಿಗೇನು ಕೊರತೆ? ಸಾರಾಯಿ 2007ರಲ್ಲಿ ನಿಷಿದ್ಧವಾಯಿತು, ಗುಟಖಾ 2013ರಲ್ಲಿ. ತಂಬಾಕು ಕೊಳ್ಳಲು 2003ರ ಕಾಯ್ದೆಯು 18 ವರ್ಷದ ಮಿತಿಯನ್ನಿಟ್ಟಿತು; ಕರ್ನಾಟಕದ ತಿದ್ದುಪಡಿಯು 2025ರಲ್ಲಿ ಅದನ್ನು 21ಕ್ಕೇರಿಸಿತು. ವ್ಯಾಪಾರಿಯೋ, ಅಡಿಕೆಯನ್ನೊಂದು ಪೊಟ್ಟಣದಲ್ಲೂ ತಂಬಾಕನ್ನು ಮತ್ತೊಂದರಲ್ಲೂ ಕಟ್ಟಿದನು. ಕಾಯ್ದೆಯು ಅಗಲಿಸಿದ ಆ ದಂಪತಿಗಳಿಗೆ ತರುಣನ ಅಂಗೈಯಲ್ಲಿಯೇ ಮರುಲಗ್ನವಾಯಿತು! ಅಬಕಾರಿಯಿಂದ ಬೊಕ್ಕಸ ತುಂಬಿಕೊಂಡನೆಂದು ನಾವು ನಿಜಾಮನನ್ನು ಹಳಿಯುತ್ತೇವೆ. 1948ರಲ್ಲಿ ಆ ಆಳಿಕೆ ತೊಲಗಿತು. ಅಬಕಾರಿಯ ಮೇಲಣ ಪ್ರೀತಿ ತೊಲಗಲಿಲ್ಲ. ಸರಕಾರದ ಒಂದು ಕೈಯಲ್ಲಿ ಸಂಯಮದ ಕರಪತ್ರ, ಇನ್ನೊಂದರಲ್ಲಿ ಮದ್ಯದಂಗಡಿಯ ಪರವಾನಗಿ.

ತರುಣನು ಚಟಕ್ಕೆ ಬೀಳುವುದು ರುಚಿಗಾಗಿಯಲ್ಲ. ಮೊದಲ ಗುಟುಕು ಕಹಿ. ಮೊದಲ ಹೊಗೆ ಕೆಮ್ಮು. ಅವನಿಗೆ ಬೇಕಾದುದು ಗೆಳೆಯರೆದುರು ಗಂಡಸೆನಿಸಿಕೊಳ್ಳುವ ಗೌರವ. ಸಾವಿನ ಬೆದರಿಕೆಯು ಆ ಗೌರವವನ್ನು ಬೆಳೆಸುತ್ತದೆಯೇ ಹೊರತು ಅಳಿಸದು. ಅಪಾಯವಿದ್ದಲ್ಲಿಯೇ ಶೌರ್ಯವೆಂಬುದು ಆ ವಯಸ್ಸಿನ ತರ್ಕ. ಅದನ್ನು ಕರಗಿಸಬಲ್ಲುದು ನಗೆಯೊಂದೇ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಪಡೆಯು ಆಂಗ್ಲರೆದುರು ಕತ್ತಿ ಹಿರಿಯಿತು. ಇಂದು ಅದೇ ಊರಿನಲ್ಲಿ ನಮ್ಮ ವೀರನು ಪೊಟ್ಟಣವನ್ನು ಹಲ್ಲಿನಿಂದ ಹರಿಯುತ್ತಾನೆ. ಶಹಾಪುರದ ಬೆಟ್ಟವು ಮಲಗಿದ ಬುದ್ಧನಂತೆ ಕಾಣುತ್ತದೆ. ಅದರ ಕೆಳಗೆ ಚರಂಡಿಯ ಬದಿಯಲ್ಲಿ ಮಲಗಿದವನನ್ನೂ ಜ್ಞಾನಿಯೆನ್ನೋಣವೇ? ಹೀಗೆ ಗೆಳೆಯರು ಒಮ್ಮೆ ನಕ್ಕರೆ ಸಾಕು, ಹತ್ತು ಭಾಷಣಗಳ ಕೆಲಸವಾಗುತ್ತದೆ.

ನಗೆಯಿಂದ ವಿಷಯವು ಹಗುರಾಗುವುದೆಂದು ಕೆಲವರು ಆಕ್ಷೇಪಿಸುವರು. ನಾಟಕದ ಕುಡುಕನನ್ನು ಕಂಡು ಚಪ್ಪಾಳೆ ತಟ್ಟುವ ನಗೆ ಅಂಥದೇ. ಅದು ಕುಡಿತಕ್ಕೆ ಕೊಟ್ಟ ಬಿರುದು. ಅದನ್ನು ನಾವು ಬೇಡುತ್ತಿಲ್ಲ. ಅಡಿಕೆ ಜಗಿದು ಜಗಿದು ಬಾಯಿ ಬಿಗಿದು, ರೊಟ್ಟಿಯ ತುತ್ತಿಗೂ ತೆರೆಯದಂತಾದ ಹುಡುಗನನ್ನು ಕಂಡು ನಗುವವನು ಪಾಪಿ. ಆ ಹುಡುಗನಿಗೆ ಬೇಕಾದುದು ವೈದ್ಯನು. ನಗೆಯ ಗುರಿ ರೋಗಿಯಲ್ಲ. ಚಟದ ಠೀವಿ, ಅದನ್ನು ಮಾರುವವನ ಜಾಣತನ, ಅದರಿಂದ ಹಣವೆಣಿಸುವವರ ಉಪದೇಶ.

ಕೃಷ್ಣೆಯ ಆಚೆ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಬೇಡಿದ್ದು ಜೋಳವನ್ನಲ್ಲ, ಜನರ ದುಶ್ಚಟಗಳನ್ನು! ಕೊಟ್ಟವನೇ ಸಿರಿವಂತನಾಗುವ ಭಿಕ್ಷೆ! ಈ ಮಾತಿಗೆ ಮೊದಲು ತುಟಿ ಅರಳುತ್ತದೆ, ಬಳಿಕ ಮನಸ್ಸು ಬಾಗುತ್ತದೆ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ.

ಉಪಾಧ್ಯಾಯ ಬಂಧುಗಳೇ, ಮುಂದಿನ ಆಗಸ್ಟ್ 1ರಂದು ಅತಿಥಿಗಳ ಕುರ್ಚಿಯನ್ನು ಬರಿದಾಗಿಡಿರಿ. ಮಕ್ಕಳ ಕೈಯಿಂದಲೇ ಅಣಕದ ನಾಟಕ ಬರೆಯಿಸಿರಿ, ಆಡಿಸಿರಿ. ಒಂದು ಷರತ್ತು: ನಿಮ್ಮ ಕಿಸೆಯಲ್ಲಿ ಪೊಟ್ಟಣವಿರಕೂಡದು. ಇದ್ದರೆ ಮೊದಲನೆಯ ಅಂಕದ ನಾಯಕರು ನೀವೇ!